ಒಂಬತ್ತನೇ ಕ್ಲಾಸಿಗೆ ಮನೆ ಇಲ್ಲದವರ ಬಗ್ಗೆ ಪಾಠ ಮಾಡುವುದು ಹೇಗೆ? ಕಂಬಳಿ ಹಂಚಿ ಬಂದ ಮೇಲೆ ಎದ್ದ ಪ್ರಶ್ನೆ

ಸಮಾಜ ಮೇಡಂ (ಜನವರಿ 6, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಒಂದು ಅನುದಾನಿತ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಓದಿ.

ಡಿಸೆಂಬರ್ ಕೊನೇ ವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬಸ್ ಸ್ಟ್ಯಾಂಡ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ರಸ್ತೆ ಬದಿ ಮಲಗುವವರಿಗೆ ಕಂಬಳಿ ಹಂಚುವುದು ಕಾರ್ಯಕ್ರಮ. ದುಡ್ಡು ಮಕ್ಕಳೇ ಮನೆಮನೆಗೆ ಹೋಗಿ ಸೇರಿಸಿದ್ದರು. ಇದನ್ನು ಯೋಚಿಸಿದ್ದು ನಾನೇ. ಬಡತನವನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಕಣ್ಣಾರೆ ನೋಡಲಿ ಅಂತ.

ಒಬ್ಬ ಹುಡುಗ ಮಾತ್ರ ವ್ಯಾನಿನಿಂದ ಇಳಿಯಲಿಲ್ಲ. ಹೊಟ್ಟೆನೋವು ಅಂದ. ನಾನು ಜಾಸ್ತಿ ಕೇಳಲಿಲ್ಲ.

ಎರಡು ದಿನ ಬಿಟ್ಟು ಗೊತ್ತಾಯಿತು. ಬಸ್ ಸ್ಟ್ಯಾಂಡ್ ಹಿಂದೆ ಒಂದು ದೊಡ್ಡ ಬಿಲ್ಡಿಂಗ್ ಏಳುತ್ತಿದೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಮನೆಯವರು ಇದ್ದಾರೆ. ಆವತ್ತು ಕಂಬಳಿ ಸಾಲಿನಲ್ಲಿ ಅವನ ತಾಯಿಯೂ ನಿಂತಿದ್ದರು. ಅವನ ಕ್ಲಾಸಿನವರ ಕೈಯಿಂದಲೇ ಕಂಬಳಿ ತೆಗೆದುಕೊಂಡರು. ಆ ಫೋಟೋ ಶಾಲೆಯ ವಾಟ್ಸಾಪ್ ಗುಂಪಿಗೆ ಹೋಯಿತು. ನಾನು ಅದನ್ನು ಡಿಲೀಟ್ ಮಾಡಿಸಿದೆ, ಆದರೆ ಅಷ್ಟರಲ್ಲಿ ಎಲ್ಲರೂ ನೋಡಿ ಆಗಿತ್ತು.

ಅವನು ಶಾಲೆಗೆ ಬರುತ್ತಿದ್ದಾನೆ. ಆದರೆ ಮಾತು ನಿಂತಿದೆ.

ಈ ತಿಂಗಳು ಇದೇ ವಿಷಯಕ್ಕೆ ಎರಡು ಪೀರಿಯಡ್ ಇಟ್ಟುಕೊಂಡಿದ್ದೇನೆ. ಪಾಠ ಮಾಡಲಾ, ಬಿಡಲಾ? ಮಾಡಿದರೆ ಎಲ್ಲಿಂದ ಶುರು ಮಾಡಬೇಕು?

ಬಸ್ ಪಾಸ್ (ಜನವರಿ 6, ರಾತ್ರಿ 9:58)

ಓದಿ ಕಣ್ಣು ತುಂಬಿತು ಮೇಡಂ. ಆ ಹುಡುಗನ ಜೊತೆ ಒಬ್ಬರೇ ಕೂತು ಮಾತಾಡಿದ್ರಾ?

ಸಮಾಜ ಮೇಡಂ (ಜನವರಿ 6, ರಾತ್ರಿ 10:05)

ಫೋಟೋ ಹಾಕಿದ್ದು ತಪ್ಪಾಯ್ತು ಅಂತ ಹೇಳಿದೆ. "ಇರ್ಲಿ ಬಿಡಿ ಮಿಸ್" ಅಂದು ಹೊರಟುಹೋದ.

ಹಳೇ ಮೇಷ್ಟ್ರು (ಜನವರಿ 6, ರಾತ್ರಿ 10:31)

ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಪಾಠ ಬಿಡಬೇಡಿ ತಾಯಿ. ಈಗ ಬಿಟ್ಟರೆ ಮಕ್ಕಳ ತಲೆಯಲ್ಲಿ ಉಳಿಯುವುದು ಆ ಕಂಬಳಿ ಸಾಲು ಒಂದೇ. ಕೊಡುವವರು ನಾವು, ಕೈಚಾಚುವವರು ಅವರು ಅಂತ.

ನನ್ನ ಕಾಲದಲ್ಲಿ ನಾನೂ ಇಂಥದ್ದೇ ಮಾಡಿದ್ದೇನೆ. ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಹರಿದ ಬಟ್ಟೆ ಹಾಕಿಸಿ, ಮುಖಕ್ಕೆ ಮಸಿ ಬಳಿದು, ಭಿಕ್ಷುಕರ ನಾಟಕ ಆಡಿಸಿದೆ. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ನಮ್ಮ ಶಾಲೆಯ ಆಯಾ ಕೂತಿದ್ದರು. ಅವರ ತಾಯಿ ಕೊನೆಗಾಲದಲ್ಲಿ ದೇವಸ್ಥಾನದ ಮುಂದೆ ಕೂರುತ್ತಿದ್ದರು ಅಂತ ಆಮೇಲೆ ತಿಳಿಯಿತು. ಇಪ್ಪತ್ತು ವರ್ಷ ಆದರೂ ಅವರ ಮುಖ ನನಗೆ ಮರೆತಿಲ್ಲ.

ಪಾಠಕ್ಕೆ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಯಾರ ಬಗ್ಗೆ ಮಾತಾಡುತ್ತೀರೋ ಅವರು ಆ ಬೆಂಚಿನ ಮೇಲೇ ಕೂತಿದ್ದಾರೆ. "ಅಂಥವರು", "ಪಾಪ ಅವರು" ಅನ್ನುವ ಮಾತು ಬಾಯಿಗೆ ಬರಬಾರದು.

ಜಯನಗರದ ಅಮ್ಮ (ಜನವರಿ 7, ಬೆಳಿಗ್ಗೆ 7:12)

ನಾನು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳೂ ಒಂಬತ್ತನೇ ಕ್ಲಾಸು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈ ವಯಸ್ಸಿನಲ್ಲಿ ಇಷ್ಟು ಭಾರದ ವಿಷಯ ಬೇಕಾ? ಕಂಬಳಿ ಹಂಚಿದ್ದರಲ್ಲಿ ತಪ್ಪೇನಿದೆ? ಚಳಿಗೆ ಯಾರಿಗೋ ಬೆಚ್ಚಗಾಯಿತು ತಾನೇ?

ರಾತ್ರಿ ಪಾಳಿ (ಜನವರಿ 7, ಬೆಳಿಗ್ಗೆ 8:20)

ಅಕ್ಕ, ನಾನು ನಗರದ ಒಂದು ನಿರಾಶ್ರಿತರ ತಂಗುದಾಣದಲ್ಲಿ ರಾತ್ರಿ ಕೆಲಸ ಮಾಡುತ್ತೇನೆ. ಕಂಬಳಿ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಒಬ್ಬೊಬ್ಬರಿಗೆ ಮೂರು ಮೂರು ಕಂಬಳಿ ಬರುತ್ತವೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವನ್ನು ಎಲ್ಲಿಡುತ್ತಾರೆ? ಕೆಲವರು ಮರದ ಕೊಂಬೆಗೆ ಕಟ್ಟುತ್ತಾರೆ. ಕೆಲವರು ಗೊತ್ತಿರುವ ಅಂಗಡಿಯವರ ಕೈಕಾಲು ಹಿಡಿಯುತ್ತಾರೆ. ಸಂಜೆ ಬಂದರೆ ಇರುವುದಿಲ್ಲ. ನಮ್ಮಲ್ಲಿಗೆ ಬರುವವರು ಮೊದಲು ಕೇಳುವುದು ಬೀಗ ಹಾಕುವ ಪೆಟ್ಟಿಗೆ. ಆಮೇಲೆ ಸ್ನಾನ. ಆಮೇಲೆ ಆಧಾರ್ ಕಾರ್ಡು ಕಳೆದುಹೋಗಿದೆ, ಏನು ಮಾಡಲಿ ಅಂತ.

ಬರುವವರಲ್ಲಿ ಜಾಸ್ತಿ ಜನ ದುಡಿಯುವವರೇ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಮದುವೆ ಮನೆಯಲ್ಲಿ ಬಡಿಸುವ ಕೇಟರಿಂಗ್ ಹುಡುಗರು, ಚಿಂದಿ ಆಯುವವರು. ರಾತ್ರಿ 11ಕ್ಕೆ ಬಂದು ಬೆಳಿಗ್ಗೆ 4ಕ್ಕೆ ಏಳುತ್ತಾರೆ. "ಕೆಲಸ ಮಾಡಿದರೆ ರಸ್ತೆಯಲ್ಲಿ ಯಾಕೆ ಮಲಗಬೇಕು" ಅಂತ ಮಕ್ಕಳು ಕೇಳೇ ಕೇಳುತ್ತಾರೆ ಮೇಡಂ. ಪಾಠ ಅಲ್ಲಿಂದ ಶುರು ಮಾಡಿ.

ಗಾರೆ ಮೇಸ್ತ್ರಿ ಮಗ (ಜನವರಿ 7, ಬೆಳಿಗ್ಗೆ 9:03)

ಆ ಪ್ರಶ್ನೆ ನಾನೇ ಕೇಳುತ್ತೇನೆ. ನಮ್ಮಪ್ಪ ಗಾರೆ ಕೆಲಸ ಮಾಡಿ, ಒಂದು ಬೀಡಿ ಸೇದದೆ, ಒಂದು ಸಿನಿಮಾ ನೋಡದೆ ಸ್ವಂತ ಮನೆ ಕಟ್ಟಿದರು. ನಾವು ನಾಲ್ಕು ಮಕ್ಕಳು ಓದಿದೆವು. ದುಡಿದರೆ ಆಗುತ್ತದೆ. ಮಕ್ಕಳಿಗೆ ಅದನ್ನು ಹೇಳಿಕೊಡಿ. ಎಲ್ಲದಕ್ಕೂ ಸಮಾಜ ಕಾರಣ ಅಂದರೆ ಅವರು ಪ್ರಯತ್ನ ಬಿಟ್ಟುಬಿಡುತ್ತಾರೆ.

ಹಳೇ ಮೇಷ್ಟ್ರು (ಜನವರಿ 7, ಬೆಳಿಗ್ಗೆ 9:26)

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ. ಒಂದೇ ಒಂದು ಪ್ರಶ್ನೆ. ಮನೆ ಕಟ್ಟಿದ ಜಾಗ ಎಲ್ಲಿಂದ ಬಂತು?

ಲೆಕ್ಕದ ಟೀಚರ್ (ಜನವರಿ 7, ಮಧ್ಯಾಹ್ನ 1:15)

ನಾನು ಗಣಿತದವಳು. ಕಳೆದ ವರ್ಷ ಶೇಕಡಾ ಲೆಕ್ಕ ಮಾಡಿಸುವಾಗ ಇದನ್ನೇ ಕೊಟ್ಟಿದ್ದೆ. ಇವು ಅಂದಾಜಿನ ಅಂಕಿ, ನಿಮ್ಮೂರಿನ ದರ ಹಾಕಿಕೊಳ್ಳಿ.

ಒಬ್ಬ ಹಮಾಲಿಗೆ ದಿನಕ್ಕೆ 700 ರೂಪಾಯಿ. ತಿಂಗಳಿಗೆ ಕೆಲಸ ಸಿಗುವುದು 20 ದಿನ. 14,000 ಆಯಿತು. ಅಡುಗೆ ಮಾಡಲು ಜಾಗ ಇಲ್ಲ, ಎಲ್ಲ ಊಟವೂ ಹೊರಗೆ. 6,000. ಊರಿಗೆ ಕಳಿಸುವುದು 5,000. ಶೌಚಾಲಯ, ಸ್ನಾನ, ಮೊಬೈಲ್, ಬಸ್ಸು ಸೇರಿ 1,000. ಉಳಿದದ್ದು 2,000. ಬೆಂಗಳೂರಿನಂಥ ಊರಲ್ಲಿ 5,000 ಬಾಡಿಗೆಯ ಒಂದು ರೂಮಿಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಅಂದರೆ 50,000. ಎಷ್ಟು ತಿಂಗಳು ಬೇಕು?

ಮಕ್ಕಳು 25 ಅಂದರು. ಸರಿ. ಮಧ್ಯೆ ಒಮ್ಮೆ ಜ್ವರ ಬಂದು ಹತ್ತು ದಿನ ಕೆಲಸ ಇಲ್ಲ ಅಂದುಕೊಳ್ಳಿ ಅಂದೆ. ಕ್ಲಾಸು ಗಪ್‌ಚುಪ್. ಒಬ್ಬಳು ಎದ್ದು, "ಮಿಸ್, ರೂಮಿಗೆ ಹೋದ ಮೇಲೆ ತಿಂಗಳು ತಿಂಗಳು 5,000 ಎಲ್ಲಿಂದ ಕೊಡ್ತಾನೆ?" ಅಂದಳು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಬಸ್ ಪಾಸ್ (ಜನವರಿ 7, ಮಧ್ಯಾಹ್ನ 1:40)

ಇದು ಸೂಪರ್. ಯಾರ ಮನೆಯ ವಿಷಯವೂ ಕೆದಕುವ ಹಾಗಿಲ್ಲ.

ಇಂದಿರಾ ನಗರ 4ನೇ ಕ್ರಾಸ್ (ಜನವರಿ 7, ಮಧ್ಯಾಹ್ನ 2:02)

ಊಟಕ್ಕೆ 6,000 ಜಾಸ್ತಿ ಆಯ್ತು ಮೇಡಂ. ಇಂದಿರಾ ಕ್ಯಾಂಟೀನ್ ಇದೆಯಲ್ಲ. 2017ರಲ್ಲಿ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ.

ರಾತ್ರಿ ಪಾಳಿ (ಜನವರಿ 7, ಮಧ್ಯಾಹ್ನ 2:30)

ನಿಜ, ಕ್ಯಾಂಟೀನ್ ಎಷ್ಟೋ ಜನರನ್ನು ಬದುಕಿಸಿದೆ. ಆದರೆ ಮೂಟೆ ಹೊರುವವರ ಕೆಲಸ ಮುಗಿಯುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಒಂದು ತಟ್ಟೆ ಅವರ ಹೊಟ್ಟೆಗೆ ಸಾಲುವುದೂ ಇಲ್ಲ. ಇದನ್ನೂ ಲೆಕ್ಕಕ್ಕೆ ಸೇರಿಸಬಹುದು.

ಹಾಸ್ಟೆಲ್ ಸಾರು (ಜನವರಿ 7, ಮಧ್ಯಾಹ್ನ 2:41)

ಊಟದ ಮಾತು ಬಂತು ಅಂತ ಹೇಳುತ್ತೇನೆ. ನಾನು ಬಿಸಿಎಂ (ಸರ್ಕಾರದ ಹಿಂದುಳಿದ ವರ್ಗಗಳ) ಹಾಸ್ಟೆಲಿನಲ್ಲಿ ಐದು ವರ್ಷ ಇದ್ದೆ. ಮನೆಯಲ್ಲಿ ಎರಡು ಹೊತ್ತು ಊಟ ಖಾತ್ರಿ ಇರಲಿಲ್ಲ. ಹಾಸ್ಟೆಲಿನಲ್ಲಿ ಮೂರು ಹೊತ್ತು ಇತ್ತು. ರಜೆ ಬಂದರೆ ಎಲ್ಲರೂ ಕುಣಿಯುತ್ತಿದ್ದರು, ನನಗೆ ಹೆದರಿಕೆ.

ಅಂಕಿ ಅಂಶ (ಜನವರಿ 7, ಸಂಜೆ 6:10)

ಮೂಲ ಪ್ರಶ್ನೆಗೆ ಬರುತ್ತೇನೆ. "ಮನೆ ಇಲ್ಲದವರು" ಅಂದರೆ ಯಾರು ಅನ್ನುವುದರಿಂದ ಶುರು ಮಾಡಬಹುದು. 2011ರ ಜನಗಣತಿಯಲ್ಲಿ ಇವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದು ರಾತ್ರಿ. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪಿನ ಒಳಗೆ, ಫ್ಲೈಓವರ್ ಕೆಳಗೆ, ಮೆಟ್ಟಿಲ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂ. ಇಂಥ ಕಡೆ ಇದ್ದವರನ್ನು ಬರೆದುಕೊಂಡರು. ದೇಶಕ್ಕೆ 17 ಲಕ್ಷದ ಮೇಲೆ, ಕರ್ನಾಟಕದಲ್ಲಿ 76 ಸಾವಿರದ ಮೇಲೆ ಬಂತು.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ನಾಲ್ಕು ಗೋಡೆ, ಮೇಲೊಂದು ತಗಡು ಇದ್ದರೆ ಆ ಎಣಿಕೆಗೆ ಅದೂ ಮನೆಯೇ. ಅಂದರೆ ನಿಮ್ಮ ವಿದ್ಯಾರ್ಥಿ ಲೆಕ್ಕದಲ್ಲಿ "ಮನೆ ಇದ್ದವನು". ಬಿಲ್ಡಿಂಗ್ ಮುಗಿದ ಮಾರನೇ ದಿನ ಶೆಡ್ ಕೀಳುತ್ತಾರೆ. ಅವನಿಗೆ ಮನೆ ಇದೆಯಾ, ಇಲ್ಲವಾ? ಈ ಪ್ರಶ್ನೆಗೇ ಒಂದು ಪೀರಿಯಡ್ ಸಾಲದು.

ಮ್ಯಾಂಚೆಸ್ಟರ್ ಕನ್ನಡಿಗ (ಜನವರಿ 7, ರಾತ್ರಿ 11:50)

ಇಲ್ಲಿ ಇಂಗ್ಲೆಂಡಿನಲ್ಲಿ ಲೆಕ್ಕ ಬೇರೆ. ಮನೆ ಕಳೆದುಕೊಂಡು ಕೌನ್ಸಿಲ್ (ಇಲ್ಲಿಯ ಸ್ಥಳೀಯ ಆಡಳಿತ) ಕೊಟ್ಟ ತಾತ್ಕಾಲಿಕ ಕೋಣೆಯಲ್ಲಿ ಇರುವ ಕುಟುಂಬವನ್ನೂ ಮನೆ ಇಲ್ಲದವರು ಅಂತಲೇ ಎಣಿಸುತ್ತಾರೆ. 1977ರಿಂದ ಇದಕ್ಕೆ ಕಾನೂನು ಇದೆ. ನನ್ನ ಮಗನ ಕ್ಲಾಸಿನಲ್ಲಿ ಒಂದು ಹುಡುಗಿ ವರ್ಷದಿಂದ ಹಾಗೆ ಇದ್ದಾಳೆ. ತಲೆ ಮೇಲೆ ಸೂರು ಇದೆ, ಮನೆ ಇಲ್ಲ. ಇದನ್ನು ಮಕ್ಕಳು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ರಾಯಚೂರು ಬಿಸಿಲು (ಜನವರಿ 8, ಬೆಳಿಗ್ಗೆ 6:30)

ನಾನು ಆ ಹುಡುಗನೇ. ಅಂದರೆ ಇಪ್ಪತ್ತು ವರ್ಷದ ಹಿಂದೆ.

ಕೂಲಿ ಹುಡುಕಿ ಊರು ಬಿಡುವುದಕ್ಕೆ ನಮ್ಮ ಕಡೆ ಗುಳೆ ಹೋಗುವುದು ಅನ್ನುತ್ತೇವೆ. ಮಳೆ ಕೈಕೊಟ್ಟರೆ ಊರಿಗೆ ಊರೇ ಖಾಲಿ. ಮುದುಕರು, ನಾಯಿ ಎರಡೇ ಉಳಿಯುತ್ತವೆ. ಅಪ್ಪ ಅವ್ವನ ಜೊತೆ ನಾನು ಬೆಂಗಳೂರಿಗೆ ಬಂದೆ. ನೀಲಿ ತಾಡಪಾಲಿನ ಗುಡಿಸಲು. ಆರು ತಿಂಗಳು ಟೆಂಟ್ ಶಾಲೆಯಲ್ಲಿ ಕೂತೆ. ಆಮೇಲೆ ಸರ್ಕಾರಿ ಶಾಲೆಗೆ ಸೇರಿಸಿದರು. ಅಲ್ಲಿ ಅರ್ಜಿಯಲ್ಲಿ "ಮನೆ ವಿಳಾಸ" ಅಂತ ಇತ್ತು. ನಮಗೆ ವಿಳಾಸ ಎಲ್ಲಿದೆ? ಅಪ್ಪ ಮೇಸ್ತ್ರಿಯ ಹೆಸರು ಬರೆಸಿದರು. ಮುಂದೆ ಶಾಲೆಯಿಂದ ಬಂದ ಒಂದು ಕಾಗದವೂ ನಮ್ಮ ಕೈ ಸೇರಲಿಲ್ಲ.

ನಾನು ಯಾರಿಗೂ ಎಲ್ಲಿ ಇದ್ದೇನೆ ಅಂತ ಹೇಳಿರಲಿಲ್ಲ. ಸಂಜೆ ಒಂದು ಸ್ಟಾಪ್ ಮುಂದೆ ಇಳಿದು, ಎಲ್ಲರೂ ಹೋದ ಮೇಲೆ ವಾಪಸ್ ನಡೆದು ಬರುತ್ತಿದ್ದೆ. ಬಡತನಕ್ಕಿಂತ ಅದು ಜಾಸ್ತಿ ಸುಸ್ತು.

ಮೇಡಂ, ಅವನನ್ನು ಎಲ್ಲರ ಮುಂದೆ ನಿಲ್ಲಿಸಿ "ನಿನ್ನ ಅನುಭವ ಹೇಳು" ಅಂತ ಯಾವತ್ತೂ ಕೇಳಬೇಡಿ. ಕೈ ಮುಗಿದು ಕೇಳುತ್ತೇನೆ. ಆದರೆ ಗುಳೆ ಅಂದರೆ ಏನು, ಯಾಕೆ ಹೋಗುತ್ತಾರೆ, ಅವರು ಕಟ್ಟಿದ ಬಿಲ್ಡಿಂಗ್ ಯಾವುವು ಅಂತ ಪಾಠ ಮಾಡಿ. ಅವನು ತಲೆ ಎತ್ತಿ ಕೇಳುತ್ತಾನೆ.

ಜಯನಗರದ ಅಮ್ಮ (ಜನವರಿ 8, ಬೆಳಿಗ್ಗೆ 7:45)

ತಮ್ಮಾ, ನಿನ್ನ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ರಸ್ತೆಯಲ್ಲೂ ಮೂರು ಅಪಾರ್ಟ್‌ಮೆಂಟ್ ಎದ್ದಿವೆ. ಆ ಶೆಡ್ಡಿನ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ನಾನು ಒಂದು ದಿನವೂ ಕೇಳಿಲ್ಲ. ವಯಸ್ಸಿನ ಬಗ್ಗೆ ನಾನು ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ನೀನು ಆ ವಯಸ್ಸಿನಲ್ಲೇ ಅದನ್ನು ಬದುಕಿದ್ದೀಯಲ್ಲ.

ಕೋರ್ಟ್ ಹಾಲ್ (ಜನವರಿ 8, ಬೆಳಿಗ್ಗೆ 11:20)

ಹಕ್ಕಿನ ಕಡೆಯಿಂದಲೂ ಹೇಳಿಕೊಡಿ. 1985ರಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ. ಕೆಲಸ ಇರುವ ಕಡೆ ಜನ ಮಲಗುತ್ತಾರೆ, ಅಲ್ಲಿಂದ ಎಬ್ಬಿಸಿದರೆ ಅವರ ಕೂಳೂ ಹೋಗುತ್ತದೆ ಅನ್ನುವುದು ಅದರ ಒಳಗಿನ ವಾದ. ಒಂಬತ್ತನೇ ಕ್ಲಾಸಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಬಸ್ ಪಾಸ್ (ಜನವರಿ 8, ಬೆಳಿಗ್ಗೆ 11:34)

ಅಂದರೆ ಫುಟ್‌ಪಾತಿನಲ್ಲಿ ಇರಲು ಹಕ್ಕಿದೆ ಅಂತ ಆಯ್ತಲ್ಲ?

ಕೋರ್ಟ್ ಹಾಲ್ (ಜನವರಿ 8, ಬೆಳಿಗ್ಗೆ 11:52)

ಇಲ್ಲ, ಇಲ್ಲೇ ಎಲ್ಲರೂ ತಪ್ಪುವುದು. ಫುಟ್‌ಪಾತು ನಡೆಯುವವರದು, ಅಲ್ಲಿ ವಾಸ ಮಾಡುವ ಹಕ್ಕು ಯಾರಿಗೂ ಇಲ್ಲ ಅಂತಲೂ ಅದೇ ತೀರ್ಪು ಹೇಳಿದೆ. ಮಳೆಗಾಲ ಕಳೆಯುವವರೆಗೆ, ಆ ವರ್ಷದ ಅಕ್ಟೋಬರ್ 31ರವರೆಗೆ ಎಬ್ಬಿಸಬೇಡಿ ಅಂದರು, ಅಷ್ಟೇ. ಎರಡೂ ಮಾತನ್ನು ಮಕ್ಕಳ ಮುಂದೆ ಇಡಿ. ಅವರೇ ವಾದ ಮಾಡಲಿ.

ನಮ್ಮ ಊರಿನದೇ ಉದಾಹರಣೆ ಬೇಕು ಅಂದರೆ, 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಮನೆ ಕೆಡವಿದ್ದು ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳು ಇತ್ತು ಅಂತ ಮಕ್ಕಳಿಗೆ ಹೇಳಿ.

ಅಂಕಿ ಅಂಶ (ಜನವರಿ 8, ಮಧ್ಯಾಹ್ನ 12:40)

ಇನ್ನೊಂದು ಲೆಕ್ಕ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಮಿಷನ್ನಿನ ನಿಯಮದಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನ ಮಲಗುವಷ್ಟು ಒಂದು ತಂಗುದಾಣ ಇರಬೇಕು ಅಂತ ಇತ್ತು. ತುಮಕೂರು 2011ರಲ್ಲಿ 3 ಲಕ್ಷದ ಊರು. ಅಂದರೆ ಮೂರು. ನಿಮ್ಮ ಊರಿಗೆ ಎಷ್ಟು ಬೇಕು, ಎಷ್ಟಿದೆ ಅಂತ ಮಕ್ಕಳು ನಗರಸಭೆಗೆ ಕಾಗದ ಬರೆದು ಕೇಳಬಹುದು. ಇದು ಪೌರನೀತಿ ಪಾಠವೂ ಆಯಿತು.

ಕರದ ರಸೀದಿ (ಜನವರಿ 8, ಸಂಜೆ 5:05)

ಎಷ್ಟೋ ಜನರಿಗೆ ಗೊತ್ತಿಲ್ಲ, ನಮ್ಮ ಮನೆ ಕಂದಾಯದ ಜೊತೆ ಭಿಕ್ಷುಕರ ಕರ ಅಂತ ಶೇ. 3 ಸೇರಿಸಿ ವಸೂಲಿ ಮಾಡುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಮಕ್ಕಳು ಮನೆಯಿಂದ ಕಂದಾಯದ ರಸೀದಿ ತಂದು ಹುಡುಕಲಿ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಲಿ.

ಹಾಸ್ಟೆಲ್ ಸಾರು (ಜನವರಿ 8, ಸಂಜೆ 5:17)

ಮನೆಯಿಂದ ರಸೀದಿ ತನ್ನಿ ಅಂದರೆ ಮನೆ ಇಲ್ಲದವನು ಏನು ತರುತ್ತಾನೆ ಸರ್? ಬಾಡಿಗೆಯವರೂ ತರುವುದಿಲ್ಲ. ಮತ್ತೆ ಅದೇ ತಪ್ಪು.

ಕರದ ರಸೀದಿ (ಜನವರಿ 8, ಸಂಜೆ 5:30)

ಸರಿಯಾಗಿ ಹೇಳಿದಿರಿ. ಮೇಡಂ ತಮ್ಮದೇ ರಸೀದಿ ತಂದು ತೋರಿಸಲಿ.

ಗಾರೆ ಮೇಸ್ತ್ರಿ ಮಗ (ಜನವರಿ 9, ರಾತ್ರಿ 8:48)

ಹಳೇ ಮೇಷ್ಟ್ರಿಗೆ ಉತ್ತರ. ನಿನ್ನೆ ಊರಿಗೆ ಹೋಗಿದ್ದೆ. ಅಪ್ಪನನ್ನೇ ಕೇಳಿದೆ. ಪೆಟ್ಟಿಗೆಯಿಂದ ಹಕ್ಕುಪತ್ರ ತೆಗೆದು ತೋರಿಸಿದರು. ಬಡವರಿಗೆ ಅಂತ ಸರ್ಕಾರ ಮಾಡಿದ್ದ ಆಶ್ರಯ ಯೋಜನೆಯ ಸೈಟು. 1993ರಲ್ಲಿ ಸಿಕ್ಕಿದ್ದು. "ಸೈಟು ಸಿಗದಿದ್ದರೆ ಏನು ಮಾಡುತ್ತಿದ್ದೆ ಅಪ್ಪ?" ಅಂದೆ. "ನಿಮ್ಮನ್ನ ಓದಿಸ್ತಿದ್ದೆ ಇಲ್ಲಾ ಮನೆ ಕಟ್ತಿದ್ದೆ, ಎರಡೂ ಆಗ್ತಿರಲಿಲ್ಲ" ಅಂದರು.

ದುಡಿಮೆ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಅಪ್ಪನ ಜೊತೆ ಅಷ್ಟೇ ದುಡಿದ ಅವರ ಗೆಳೆಯರೊಬ್ಬರಿಗೆ ಸೈಟು ಸಿಗಲಿಲ್ಲ. ಅವರು ಸಾಯುವವರೆಗೆ ಬಾಡಿಗೆ ಮನೆ ಬದಲಿಸುತ್ತಲೇ ಇದ್ದರು. ಇದನ್ನೂ ಅಪ್ಪನೇ ಹೇಳಿದರು.

ಹಳೇ ಮೇಷ್ಟ್ರು (ಜನವರಿ 9, ರಾತ್ರಿ 9:10)

ಇದನ್ನು ನಮ್ಮ ಜೊತೆ ಹಂಚಿಕೊಂಡಿದ್ದಕ್ಕೆ ಸಂತೋಷವಾಯಿತಪ್ಪ.

ಗುಡಾರ (ಜನವರಿ 10, ಬೆಳಿಗ್ಗೆ 10:15)

ಒಂದು ಬಿಟ್ಟುಹೋಗಿದೆ. ನಮ್ಮದು ಅಲೆಮಾರಿ ಸಮುದಾಯ. ತಲೆಮಾರುಗಳಿಂದ ಗುಡಾರದಲ್ಲೇ ಬದುಕಿದವರು. 1871ರಲ್ಲಿ ಬ್ರಿಟಿಷರು ಎಷ್ಟೋ ಅಲೆಮಾರಿ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದರು. ಆ ಕಾಯ್ದೆ ಹೋಗಿದ್ದು 1952ರಲ್ಲಿ. ಕಾಯ್ದೆ ಹೋದರೂ ಊರಿನಲ್ಲಿ ಕಳುವಾದರೆ ಮೊದಲು ನಮ್ಮ ಗುಡಾರಕ್ಕೇ ಬರುತ್ತಾರೆ. ಬಾಡಿಗೆಗೆ ಮನೆ ಕೇಳಿದರೆ ಮೊದಲು ಜಾತಿ ಕೇಳುತ್ತಾರೆ. ಅಡ್ವಾನ್ಸ್ ಕೈಯಲ್ಲಿ ಹಿಡಿದು ನಿಂತರೂ ಮನೆ ಸಿಗದವರು ಇದ್ದಾರೆ. ಲೆಕ್ಕದ ಟೀಚರ್ ಅವರ ಲೆಕ್ಕದಲ್ಲಿ ಇದು ಬರುವುದಿಲ್ಲ.

ಲೆಕ್ಕದ ಟೀಚರ್ (ಜನವರಿ 10, ಬೆಳಿಗ್ಗೆ 10:50)

ಹೌದು, ಬರುವುದಿಲ್ಲ. ಈ ವರ್ಷ ಲೆಕ್ಕ ಮುಗಿದ ಮೇಲೆ ಒಂದು ಸಾಲು ಸೇರಿಸುತ್ತೇನೆ. "50,000 ಕೂಡಿಟ್ಟ. ಮನೆ ಸಿಕ್ಕಿತಾ?" ಅಂತ.

ಸಮಾಜ ಮೇಡಂ (ಜನವರಿ 22, ರಾತ್ರಿ 9:15)

ತಡವಾಗಿ ಬರೆಯುತ್ತಿದ್ದೇನೆ. ಎರಡು ಪೀರಿಯಡ್ ಅಂದುಕೊಂಡಿದ್ದು ನಾಲ್ಕು ಆಯಿತು.

ಮೊದಲ ದಿನ ಹಮಾಲಿಯ ಲೆಕ್ಕ. ಎರಡನೇ ದಿನ ಒಂದು ಖಾಲಿ ಅರ್ಜಿ ಕೊಟ್ಟೆ, ರೇಷನ್ ಕಾರ್ಡಿನದು. ಐದೈದು ಮಕ್ಕಳ ಗುಂಪು. ಕಲ್ಪನೆಯ ಒಂದು ಕುಟುಂಬ, ಊರಿಂದ ಊರಿಗೆ ಕೆಲಸಕ್ಕೆ ಹೋಗುವವರು. ತುಂಬಿ ಅಂದೆ. ಎಲ್ಲ ಗುಂಪೂ ವಿಳಾಸದ ಹತ್ತಿರ ನಿಂತವು. ಒಂದು ಗುಂಪು "ಬಸ್ ಸ್ಟ್ಯಾಂಡ್ ಹಿಂದೆ" ಅಂತ ಬರೆದು, ಹೊಡೆದುಹಾಕಿ, ಮತ್ತೆ ಬರೆಯಿತು. ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತು. ಮೂರನೇ ದಿನ ಗುಳೆ. ರಾಯಚೂರಿನ ತಮ್ಮನ ಮಾತನ್ನು, ಹೆಸರು ಊರು ಹೇಳದೆ, ಓದಿದೆ. ಒಂದು ಸ್ಟಾಪ್ ಮುಂದೆ ಇಳಿಯುವ ವಿಷಯ ಬಂದಾಗ ಯಾರ ಕಡೆಯೂ ನೋಡಬಾರದು ಅಂತ ನಾನು ಪುಸ್ತಕದ ಮೇಲೇ ಕಣ್ಣಿಟ್ಟಿದ್ದೆ. ನಾಲ್ಕನೇ ದಿನ ಫುಟ್‌ಪಾತ್ ತೀರ್ಪಿನ ಮೇಲೆ ವಾದ. ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

ಫೋಟೋ ಬಗ್ಗೆ ಮಕ್ಕಳೇ ಮಾತು ತೆಗೆದರು. ಇನ್ನು ಮುಂದೆ ಯಾರದೂ ಫೋಟೋ ಬೇಡ ಅಂತ ಅವರೇ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದಾರೆ.

ಅವನು ಕ್ಲಾಸಿನಲ್ಲಿ ಏನೂ ಮಾತಾಡಲಿಲ್ಲ. ಇವತ್ತು ಸಂಜೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. ಬಿಲ್ಡಿಂಗ್ ಫೆಬ್ರವರಿಗೆ ಮುಗಿಯುತ್ತದಂತೆ. ಮನೆಯವರು ಬೇರೆ ಊರಿಗೆ ಹೊರಡುತ್ತಾರೆ. "ಮಿಸ್, ನಡುವೆ ಹೋದರೆ ನಂದು ಒಂಬತ್ತನೇ ಕ್ಲಾಸು ಪಾಸಾಗತ್ತಾ? ಅಲ್ಲಿ ಸೇರಿಸ್ಕೊಳ್ತಾರಾ?" ಅಂತ ಕೇಳಿದ. ನನಗೆ ಉತ್ತರ ಬೇಕು. ಬೇಗ ಬೇಕು.

ಕೋರ್ಟ್ ಹಾಲ್ (ಜನವರಿ 22, ರಾತ್ರಿ 9:32)

ಎಂಟನೇ ಕ್ಲಾಸಿನವರೆಗೆ ಆಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆ ಹಿಡಿದು ಕೇಳಬಹುದಿತ್ತು. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಆದರೆ ಅದು 6ರಿಂದ 14 ವರ್ಷದವರಿಗೆ. ಒಂಬತ್ತಕ್ಕೆ ಬಂದ ಕೂಡಲೇ ಆ ರಕ್ಷಣೆ ಮುಗಿಯುತ್ತದೆ. ಅದಕ್ಕೇ ಈ ಮಕ್ಕಳು ಇಲ್ಲೇ ಬಿಟ್ಟುಹೋಗುವುದು. ಅವನು ಪರೀಕ್ಷೆ ಮುಗಿಯುವವರೆಗೆ ನಿಮ್ಮ ಶಾಲೆಯಲ್ಲೇ ಇರುವ ಹಾಗೆ ಮಾಡಿ.

ಹಾಸ್ಟೆಲ್ ಸಾರು (ಜನವರಿ 22, ರಾತ್ರಿ 9:40)

ಹಾಸ್ಟೆಲ್ ಕೇಳಿ ಮೇಡಂ. ನಡುವೆ ಬಿಟ್ಟುಹೋದವರ ಸೀಟು ಖಾಲಿ ಇರುತ್ತದೆ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಸುಮ್ಮನೆ ಕೂರಬೇಡಿ. ಮೊದಲು ವಾರ್ಡನ್ ಹತ್ತಿರ ಹೋಗಿ ಮಂಚ ಇದೆಯಾ ಅಂತ ನೋಡಿ. ಇದ್ದರೆ ಅಧಿಕಾರಿ ಇಲ್ಲ ಅನ್ನುವುದು ಕಷ್ಟ. ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಅವನ ಊರಿನ ನಾಡಕಚೇರಿಯಿಂದ ತರಬೇಕಾಗಬಹುದು.

ರಾಯಚೂರು ಬಿಸಿಲು (ಜನವರಿ 22, ರಾತ್ರಿ 9:44)

ಯಾವ ತಾಲ್ಲೂಕು ಅಂತ ಇಲ್ಲಿ ಬರೆಯಬೇಡಿ, ನನಗೆ ಖಾಸಗಿಯಾಗಿ ಕಳಿಸಿ. ನಮ್ಮ ಕಡೆಯದಾದರೆ ಪ್ರಮಾಣಪತ್ರಕ್ಕೆ ನಾನೇ ಹೋಗಿ ನಿಲ್ಲುತ್ತೇನೆ. ಮೊದಲು ಅವನ ತಾಯಿ ಜೊತೆ ಮಾತಾಡಿ. ಮಗನನ್ನು ಒಬ್ಬನೇ ಬಿಟ್ಟು ಹೋಗಲು ಜೀವ ಒಪ್ಪುವುದಿಲ್ಲ. ನಮ್ಮವ್ವ ಮೂರು ದಿನ ಅತ್ತಿದ್ದಳು.

ಸಮಾಜ ಮೇಡಂ (ಜನವರಿ 22, ರಾತ್ರಿ 10:02)

ಕಳಿಸಿದ್ದೇನೆ, ನೋಡಿ. ಬೆಳಿಗ್ಗೆ ಮೊದಲ ಪೀರಿಯಡ್ ನನಗೆ ಬಿಡುವು. ಶೆಡ್ ಹತ್ತಿರ ಹೋಗಿ ಅವನ ತಾಯಿಯನ್ನು ಕಂಡು, ಅಲ್ಲಿಂದ ಹಾಸ್ಟೆಲಿಗೆ ಹೋಗುತ್ತೇನೆ.